ಲಾಯದವರ ಬಾಯಿಮಾತಿನಿಂದ ಬೆಳೆದ ಕುದುರೆ ಮಸಾಜ್ ವೃತ್ತಿ: ನನ್ನ ಅನುಭವ

ಕುದುರೆ ಮಸಾಜ್‌ಗೆ ಗಿರಾಕಿಗಳು ಬೇಕಿದ್ದರೆ ಮಾಲೀಕರನ್ನು ಹಿಡಿಯಬೇಕು ಎಂಬುದು ಈ ವೃತ್ತಿಯಲ್ಲಿರುವ ಬಹುತೇಕರ ಸಲಹೆ. ಲಾಯದಲ್ಲಿ ಕುದುರೆಯ ಮೈ ಉಜ್ಜಿ, ಜೀನು ಬಿಗಿದು, ಲದ್ದಿ ಎತ್ತುವವರ ಮೂಲಕ ಕೆಲಸ ತರುತ್ತೇನೆ ಎಂದು ನಾನು ಹೇಳಿದಾಗ, ಹಣದ ಚೀಲ ಅವರ ಕೈಯಲ್ಲಿಲ್ಲವಲ್ಲ ಎಂದು ಸಹೋದ್ಯೋಗಿಗಳು ನಕ್ಕಿದ್ದರು. ಇಂದು ನಾನು ಮಸಾಜ್ ಮಾಡುವ ಪ್ರತಿ ಹತ್ತು ಕುದುರೆಗಳಲ್ಲಿ ಆರೇಳು ಅವರ ಬಾಯಿಮಾತಿನಿಂದಲೇ ಬಂದವು.

ಅದಕ್ಕೂ ಮೊದಲು ಹಣ ಸಾಕಷ್ಟು ಕರಗಿತು. ಆರಂಭದ ವರ್ಷದ ಗಳಿಕೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕರಪತ್ರಕ್ಕೂ ಫೇಸ್‌ಬುಕ್ ಜಾಹೀರಾತಿಗೂ ಹೋಯಿತು. ಮೆಚ್ಚುಗೆ ಒತ್ತಿದವರಲ್ಲಿ ಬಹುಪಾಲು ಕುದುರೆಯನ್ನು ಇಷ್ಟಪಡುವವರೇ ಹೊರತು ಕುದುರೆ ಸಾಕಿದವರಲ್ಲ. ಸ್ಪರ್ಧೆಯ ಮೈದಾನದಲ್ಲಿ ಡೇರೆ ಹಾಕಿ ಉಚಿತ ಮಸಾಜ್ ಕೊಟ್ಟದ್ದು ಇನ್ನೂ ದುಬಾರಿಯಾಯಿತು. ಸಾಲು ಉದ್ದವಿತ್ತು, ಆದರೆ ಮುಂದೆ ಹಣ ಕೊಟ್ಟು ಕರೆದವರು ನೂರಕ್ಕೆ ಮೂರು ನಾಲ್ಕು ಮಂದಿಯೂ ಇರಲಿಲ್ಲ. ಎಂದೂ ಮಸಾಜ್ ಕಾಣದ ಕುದುರೆಗೆ ಸ್ಪರ್ಧೆಗೆ ಮುನ್ನ ಆಳವಾಗಿ ಒತ್ತಿದರೆ ಸ್ನಾಯು ನೊಂದು ನಡಿಗೆಯೇ ಬದಲಾಗಬಹುದಾದ್ದರಿಂದ ಅಲ್ಲಿ ಮೇಲ್ಮೇಲೆ ನೇವರಿಸಿ ಕಳುಹಿಸಬೇಕಾಗುತ್ತದೆ, ಹಾಗೆ ನೇವರಿಸಿದ್ದರಲ್ಲಿ ಮಾಲೀಕರ ಕಣ್ಣಿಗೆ ಫಲವೇನೂ ಬೀಳುವುದಿಲ್ಲ.

ಫಲ ಮೊದಲು ಗೊತ್ತಾಗುವುದು ದಿನವೂ ಬ್ರಷ್ ಹಿಡಿಯುವವರಿಗೆ. ಜೀನು ಕೂರುವ ಜಾಗಕ್ಕೆ ಬ್ರಷ್ ತಾಗಿದೊಡನೆ ಬೆನ್ನು ತಗ್ಗಿಸುವುದು, ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿಯನ್ನು ಹಿಂದಕ್ಕೆ ಒರಗಿಸುವುದು, ಗೊರಸು ಕೆರೆಯಲು ಹೋದರೆ ಒಂದು ಕಾಲನ್ನು ಮಾತ್ರ ಕೊಡದಿರುವುದು, ಇವೆಲ್ಲ ಅವರಿಗೆ ಬಾಯಿಪಾಠ. ಆದ್ದರಿಂದ ಮೊದಲ ಭೇಟಿಯಲ್ಲಿ ಹಗ್ಗವನ್ನು ಅವರ ಕೈಗೇ ಕೊಟ್ಟು, ಬೆನ್ನೆಲುಬಿನ ಪಕ್ಕದ ಉದ್ದ ಸ್ನಾಯುವಿನ ಮೇಲೆ ಅವರ ಅಂಗೈ ಇಡಿಸಿ, ಎಡಕ್ಕೂ ಬಲಕ್ಕೂ ಇರುವ ಬಿಗಿಯ ವ್ಯತ್ಯಾಸವನ್ನು ಅವರಿಂದಲೇ ಹೇಳಿಸುತ್ತೇನೆ. ಮುಕ್ಕಾಲು ಗಂಟೆಯ ನಂತರ ಕುದುರೆಯ ತಲೆ ಇಳಿದು, ಕೆಳತುಟಿ ಜೋತುಬಿದ್ದು, ಆಕಳಿಕೆ ಬರತೊಡಗಿದಾಗ ಅದೇ ಜಾಗದಲ್ಲಿ ಮತ್ತೆ ಕೈ ಇಡಿಸುತ್ತೇನೆ. ಹೆಗಲಿನ ಕೆಲಸಕ್ಕೆ ಬಂದಾಗ, ಕುದುರೆಗೆ ಹೆಗಲನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬೇ ಇಲ್ಲವೆಂದೂ, ಮೈತೂಕದ ಸುಮಾರು ಶೇಕಡ 60ರಷ್ಟನ್ನು ಹೊರುವ ಮುಂಗಾಲುಗಳು ಸ್ನಾಯುಗಳ ಬಲದಿಂದಲೇ ಮುಂಡಕ್ಕೆ ಅಂಟಿಕೊಂಡಿವೆಯೆಂದೂ ತಿಳಿಸುತ್ತೇನೆ. ಅವರ ಕೈಗೆ ತಿಳಿದ ವ್ಯತ್ಯಾಸ ಆ ಸಂಜೆಯೇ ಮಾಲೀಕರ ಕಿವಿಗೆ ಬೀಳುತ್ತದೆ, ಅದೂ ನನ್ನ ಬಾಯಿಂದಲ್ಲ. ಲಾಯದವರಿಗೆ ಕಮಿಷನ್ ಕೊಡುವುದಿಲ್ಲ. ಕೊಟ್ಟರೆ ಆ ಮಾತಿನ ತೂಕ ಹೋಗುತ್ತದೆ.

ಪಶುವೈದ್ಯರು ಆರಂಭದಲ್ಲಿ ದೂರವೇ ಇದ್ದರು. ಹಲವು ದೇಶಗಳಲ್ಲಿ ರೋಗನಿರ್ಣಯ ಕಾನೂನಿನ ಪ್ರಕಾರ ಅವರದೇ ಹಕ್ಕು, ಆದ್ದರಿಂದ ನಾನು ಯಾವ ಕಾಯಿಲೆಯ ಹೆಸರನ್ನೂ ಎತ್ತುವುದಿಲ್ಲ. ಜ್ವರ, ಹೊಸ ಗಾಯ, ಚರ್ಮದ ಸೋಂಕು ಅಥವಾ ಕಾರಣ ತಿಳಿಯದ ಕುಂಟು ಕಂಡರೆ ಹಣ ಪಡೆಯದೆ, ಕಂಡದ್ದನ್ನಷ್ಟೇ ಚೀಟಿಯಲ್ಲಿ ಬರೆದು ಅವರ ಬಳಿಗೆ ಕಳುಹಿಸುತ್ತೇನೆ. ಹಾಗೆ ಬಿಟ್ಟುಕೊಟ್ಟ ಹಣ ಗಣನೀಯವೇ ಆದರೂ ಅದರ ಎರಡು ಮೂರು ಪಟ್ಟು ಕೆಲಸ ಅವರ ಕಡೆಯಿಂದಲೇ ಹಿಂದಿರುಗಿದೆ.

ಈ ನಡುವೆ ಮೈಯ ಶಾಖವನ್ನು ಬಣ್ಣಗಳಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾವನ್ನೂ ಪ್ರಯತ್ನಿಸಿದೆ. ಬಿಸಿಲಿನಲ್ಲಿ ನಿಂತ ಕುದುರೆ, ಈಗಷ್ಟೇ ಕಂಬಳಿ ತೆಗೆದ ಬೆನ್ನು, ಒದ್ದೆ ಕೂದಲು, ಪ್ರತಿಯೊಂದೂ ಚಿತ್ರವನ್ನು ಕೆಡಿಸುತ್ತದೆ. ಮಾಲೀಕರು ಬಣ್ಣಗಳನ್ನು ಮೆಚ್ಚಿದರು, ಕೆಲಸ ಮಾತ್ರ ಹೆಚ್ಚಲಿಲ್ಲ. ಕೊಂಡ ಬೆಲೆಯ ಅರ್ಧಕ್ಕೆ ಅದನ್ನು ಮಾರಿ, ಮಸಾಜ್‌ಗೆ ಮುನ್ನ ಮತ್ತು ಎರಡು ದಿನಗಳ ಬಳಿಕ ಒಂದೇ ನೆಲದ ಮೇಲೆ ಟ್ರಾಟ್ (ನಡಿಗೆಗಿಂತ ವೇಗದ, ಲಯಬದ್ಧ ಓಟ) ಮಾಡಿಸಿ ಮೊಬೈಲಿನಲ್ಲಿ ವಿಡಿಯೊ ಹಿಡಿಯಲು ಲಾಯದವರಿಗೇ ಕಲಿಸಿದೆ. ಮೊಬೈಲನ್ನು ಎಲ್ಲಿ, ಎಷ್ಟು ಎತ್ತರದಲ್ಲಿ ಹಿಡಿಯಬೇಕೆಂಬುದು ನನ್ನ ಬಳಿಯೇ ಇರಲಿ.

ಲಾಭ ಕೈಗೆ ಹತ್ತಿದ್ದು ಒಂಟಿ ಕುದುರೆಗಾಗಿ ಓಡಾಡುವುದನ್ನು ನಿಲ್ಲಿಸಿದ ಮೇಲೆ. ಲಾಳ ಕಟ್ಟುವವರು ಆರರಿಂದ ಎಂಟು ವಾರಗಳಿಗೊಮ್ಮೆ ಬರುತ್ತಾರೆ. ಅವರ ದಿನಚರಿಗೆ ನನ್ನದನ್ನು ಹೊಂದಿಸಿಕೊಂಡು, ಒಂದು ಲಾಯದಲ್ಲಿ ಕನಿಷ್ಠ ನಾಲ್ಕು ಕುದುರೆಗಳಿದ್ದರೆ ಮಾತ್ರ ಹೋಗುತ್ತೇನೆ, ಇದರಿಂದ ಪ್ರಯಾಣದ ಖರ್ಚು ಮೂರನೆಯ ಒಂದಕ್ಕೆ ಇಳಿದಿದೆ. ಲಾಳ ಕಟ್ಟಿದ ಎಷ್ಟನೆಯ ದಿನ ಹೋಗುತ್ತೇನೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಕಳೆದ ಬಾರಿ ದರವನ್ನು ಐದನೆಯ ಒಂದರಷ್ಟು ಏರಿಸಿದಾಗ ಒಬ್ಬಿಬ್ಬರು ಬಿಟ್ಟುಹೋದರು, ಅವರೂ ಒಂದೊಂದೇ ಕುದುರೆಯವರು. ಹೊಸದಾಗಿ ಕೇಳುವ ಲಾಯದವರು ಈಗ ಮೂರು ವಾರಗಳಷ್ಟಾದರೂ ಕಾಯಬೇಕಾಗಿದೆ.