ಡೆನ್ವರ್‌ನ ತೆಳುಗಾಳಿಯಲ್ಲೂ ಹೋಮ್ ರನ್ ಬರ: ನಮ್ಮ ತಂಡದಲ್ಲಿ ಅದನ್ನು ನೀಗಿಸಿದ ನನ್ನ ಅನುಭವ

ಡೆನ್ವರ್ ಸುತ್ತಮುತ್ತ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುವ ಕನ್ನಡಿಗರು ಈಗ ಬೆರಳೆಣಿಕೆಯಷ್ಟಾದರೂ ಇದ್ದೇವೆ. ಎರಡು ವರ್ಷದ ಹಿಂದೆ ಚೆಂಡನ್ನು ಎತ್ತಿ ಎಳೆದು ಹೊಡೆಸುವ ನನ್ನ ಪದ್ಧತಿ ಕೇಳಿ "ಇದರಿಂದ ಹುಡುಗರ ಆಟ ಕೆಡುತ್ತದೆ" ಎಂದವರೇ ಈ ಬೇಸಿಗೆ ಮುಗಿದ ಮೇಲೆ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಬರೆದೇ ಬಿಡುವುದು ಒಳ್ಳೆಯದು. ಟೀ (ಚೆಂಡು ಇಟ್ಟು ಹೊಡೆಯುವ ಕಂಬ), ಕೇಜ್ (ಬಲೆ ಕಟ್ಟಿದ ಅಭ್ಯಾಸದ ಜಾಗ), ರೇಡಾರ್ (ಚೆಂಡಿನ ವೇಗ ಅಳೆಯುವ ಸಾಧನ) ಇವೆಲ್ಲ ನಿಮಗೆ ಗೊತ್ತಿರುವಂಥವೇ, ಹೆಚ್ಚಿನ ಪರಿಚಯಕ್ಕೆ ಹೋಗುವುದಿಲ್ಲ.

ನಮ್ಮದು ಹದಿನಾರರೊಳಗಿನ ಹುಡುಗರ ತಂಡ. ಬೇಸಿಗೆಯಲ್ಲಿ ಸುಮಾರು ನಲವತ್ತು ಪಂದ್ಯ. ತವರು ಮೈದಾನ ಡೆನ್ವರ್ ನಗರಕ್ಕಿಂತಲೂ ಐನೂರು ಅಡಿ ಎತ್ತರದಲ್ಲಿದೆ. ಎಡ ಮೂಲೆಯ ಗೋಡೆ 310 ಅಡಿಗೆಲ್ಲ ಬಂದುಬಿಡುತ್ತದೆ. ಹೊರಗಿನಿಂದ ಬಂದ ತಂಡಗಳು ಆ ಗೋಡೆ ನೋಡಿ ಹಿಗ್ಗುತ್ತಿದ್ದವು, ಹಿಗ್ಗಿದಂತೆಯೇ ಹೊಡೆದು ಹೋಗುತ್ತಿದ್ದವು. ನಮ್ಮವರು ಮಾತ್ರ ಇಡೀ ಋತುವಿಗೆ ಆರೇಳು ಹೋಮ್ ರನ್ (ಚೆಂಡನ್ನು ನೇರ ಗೋಡೆಯಾಚೆ ದಾಟಿಸುವ ಹೊಡೆತ). ಒಂದು ಬೇಸ್ ಮುಟ್ಟಿಸುವ ಸಿಂಗಲ್‌ಗಳಿಗೆ ಕೊರತೆ ಇರಲಿಲ್ಲ, ಬೇಸ್‌ಗಳ ಮೇಲೆ ಸದಾ ಇಬ್ಬರು ನಿಂತಿರುತ್ತಿದ್ದರು. ಅವರನ್ನು ಹೋಮ್ ಪ್ಲೇಟಿಗೆ (ಬ್ಯಾಟರ್ ಹೊಡೆಯುವ ಜಾಗ) ತಂದು ರನ್ ಮಾಡಿಸುವ ಹೊಡೆತವೇ ಬರುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಬೇರೂರಿರುವ ಒಂದು ನಂಬಿಕೆಯೇ ಇದಕ್ಕೆಲ್ಲ ಮೂಲ. ಇಲ್ಲಿ ಗಾಳಿ ತೆಳು, ಚೆಂಡು ತಾನಾಗಿ ಹಾರುತ್ತದೆ, ಬ್ಯಾಟರ್ ಸುಮ್ಮನೆ ತಾಗಿಸಿದರೆ ಸಾಕು ಎನ್ನುತ್ತಾರೆ. ಗಾಳಿ ತೆಳು ಎಂಬುದು ನಿಜ. 5,280 ಅಡಿಯಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 80ರ ಆಸುಪಾಸಿನಲ್ಲಿದೆ. ಆದರೆ ಆ ಲಾಭ ಸಿಗುವುದು ಮೊದಲೇ ಮೇಲಕ್ಕೆದ್ದ ಚೆಂಡಿಗೆ. ನಾಲ್ಕು ನೂರು ಅಡಿ ಹೋಗುವ ಚೆಂಡಿಗೆ ಇನ್ನೊಂದು ಇಪ್ಪತ್ತು ಅಡಿ ಸೇರುತ್ತದೆ. ನೆಲಕ್ಕೆ ಬಿದ್ದು ಉರುಳುವ ಚೆಂಡಿಗೆ ಡೆನ್ವರ್ ಆದರೇನು, ಬೋಸ್ಟನ್ ಆದರೇನು.

ಡೆನ್ವರ್‌ನ ವೃತ್ತಿಪರ ತಂಡವಾದ ರಾಕೀಸನ್ನೇ ನೋಡಿ. ಅವರ ತವರು ಮೈದಾನ ಕೂರ್ಸ್ ಫೀಲ್ಡ್ ತೆರೆದ 1995ರಲ್ಲಿ ಬಿಷೆಟ್ 40, ವಾಕರ್ 36, ಕಾಸ್ಟಿಯಾ 32, ಗಲರಾಗಾ 31 ಹೋಮ್ ರನ್ ಹೊಡೆದರು. 1997ರಲ್ಲಿ ತಂಡದ ಮೊತ್ತ 239, ವಾಕರ್ ಒಬ್ಬರದೇ 49. ಅದೇ ಮೈದಾನವನ್ನು ತವರಾಗಿಟ್ಟುಕೊಂಡ 2022ರ ತಂಡ 150ರ ಹತ್ತಿರ ನಿಂತಿತು. ಆ ವರ್ಷ ಏಳು ವರ್ಷಕ್ಕೆ 182 ಮಿಲಿಯನ್ ಡಾಲರ್ ಒಪ್ಪಂದದಲ್ಲಿ ಬಂದ ಕ್ರಿಸ್ ಬ್ರಯಂಟ್ ಗಾಯದ ನಡುವೆ ಹೊಡೆದ ಐದೂ ಹೋಮ್ ರನ್ ಹೊರಗಿನ ಮೈದಾನಗಳಲ್ಲಿ, ಕೂರ್ಸ್‌ನಲ್ಲಿ ಒಂದೂ ಇಲ್ಲ. ಕಡಿಮೆ ಹಾರಲೆಂದು 2002ರಿಂದ ಚೆಂಡುಗಳನ್ನು ತೇವದ ಕೋಣೆಯಲ್ಲಿ ಇಡುತ್ತಾರೆ, 2016ರಲ್ಲಿ ಬಲಗಡೆಯ ಗೋಡೆ ಎತ್ತರಿಸಿದರು, ಎರಡೂ ಸರಿ. ಆದರೂ ನನ್ನ ಕಣ್ಣಿಗೆ ಕಾಣುವ ದೊಡ್ಡ ಕಾರಣ ಆ ವಿಶಾಲ ಔಟ್‌ಫೀಲ್ಡ್. ಚೆಂಡು ಹಾರುತ್ತದೆಂದು ಗೋಡೆಗಳನ್ನು ದೂರ ಇಟ್ಟಿದ್ದಾರೆ, ಎಡಕ್ಕೆ 347, ನಡುವೆ 415, ಬಲಕ್ಕೆ 350 ಅಡಿ. ಔಟ್‌ಫೀಲ್ಡರ್‌ಗಳು ಹಿಂದೆ ಸರಿಯಬೇಕು, ಮುಂದೆ ಬಯಲು ಬಿದ್ದಿರುತ್ತದೆ, ಸುಮ್ಮನೆ ತಾಗಿಸಿದ ಚೆಂಡೂ ಅಲ್ಲಿ ಬಿದ್ದು ಸಿಂಗಲ್ ಆಗುತ್ತದೆ. ಸರಾಸರಿ ಏರಿದಂತೆ ಬ್ಯಾಟರ್‌ಗೆ ಅಭ್ಯಾಸ ಹತ್ತುತ್ತದೆ. ನಮ್ಮ ಹುಡುಗರಿಗೂ ಹತ್ತಿದ್ದು ಇದೇ ಕಾಯಿಲೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಪೋಷಕರು 400, 500 ಡಾಲರಿನ ಹೊಸ ಬ್ಯಾಟ್ ತಂದರು. ಹೈಸ್ಕೂಲ್ ಆಟದಲ್ಲಿ ಮರದ್ದಲ್ಲದ ಬ್ಯಾಟಿಗೆ 2012ರಿಂದ ಬಿಬಿಕಾರ್ ಎಂಬ ಪುಟಿತದ ಮಿತಿ ಕಡ್ಡಾಯ. ಮರದ ಬ್ಯಾಟಿಗಿಂತ ಹೆಚ್ಚು ಪುಟಿಯಬಾರದೆಂದು ಕಟ್ಟುಹಾಕಿದ ಮೇಲೆ ದುಡ್ಡು ಹೆಚ್ಚು ಕೊಟ್ಟರೆ ಪುಟಿತ ಎಲ್ಲಿಂದ ಬರಬೇಕು? ಒಂದೇ ಹುಡುಗನ ಕೈಗೆ 200 ಡಾಲರಿನದನ್ನೂ 500 ಡಾಲರಿನದನ್ನೂ ಕೊಟ್ಟು ರೇಡಾರ್ ಹಿಡಿದೆ, ಗಂಟೆಗೆ ಒಂದು ಮೈಲಿಯ ಅಂತರವೂ ಬರಲಿಲ್ಲ. ಆಮೇಲೆ ಖಾಸಗಿ ತರಬೇತುದಾರರೊಬ್ಬರನ್ನು ಕರೆತಂದೆವು. ಸಾವಿರದ ಇನ್ನೂರು ಡಾಲರ್ ಹೋಯಿತು. ಅವರು ಎಲ್ಲರಿಗೂ ಒಂದೇ ನಿಲುವು ಕಲಿಸಿದರು, ಎರಡು ತಿಂಗಳ ಕಾಲ ಮೊದಲು ಬರುತ್ತಿದ್ದ ಸಿಂಗಲ್‌ಗಳೂ ನಿಂತುಹೋದವು. ಜಿಮ್‌ನಿಂದ ಹುಡುಗರ ತೋಳು ದಪ್ಪವಾದವು, ಹೊಡೆದ ಚೆಂಡಿನ ವೇಗ ಎರಡು ಮೂರು ಮೈಲಿ ಏರಿತು, ಆದರೆ ಹೋಮ್ ರನ್ ಏಳರ ಆಸುಪಾಸಿನಲ್ಲೇ ಉಳಿಯಿತು. ಬ್ಯಾಟಿನ ಹಿಡಿಗೆ ಸಿಕ್ಕಿಸುವ ಸೆನ್ಸರ್‌ಗೆ ನಾನೇ 150 ಡಾಲರ್ ಹಾಕಿದೆ. ಅಂಕಿ ಕೊಟ್ಟಿತು. ಆದರೆ ಹುಡುಗರು ಪ್ರತಿ ಹೊಡೆತಕ್ಕೂ ಮೊಬೈಲ್ ನೋಡತೊಡಗಿದರು, ಚೆಂಡು ಎಲ್ಲಿ ಹೋಯಿತೆಂದು ನೋಡುವವರೇ ಇಲ್ಲವಾದರು.

ಆ ಚಳಿಗಾಲದಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮ ಹುಡುಗರ ಚೆಂಡು ಬ್ಯಾಟಿನಿಂದ ಗಂಟೆಗೆ 80ರಿಂದ 85 ಮೈಲಿ ವೇಗದಲ್ಲಿ ಹೊರಡುತ್ತದೆ. ಅಷ್ಟು ವೇಗಕ್ಕೆ ನಮ್ಮ ಎತ್ತರದಲ್ಲಿ, ಕೋನ ಸರಿಯಿದ್ದರೆ, 300ರಿಂದ 320 ಅಡಿ ದಕ್ಕುತ್ತದೆ. ನಡುವಿನ ಗೋಡೆ 370ರ ಆಚೆ. ಎಂದರೆ ಅತ್ತ ಎಷ್ಟೇ ಚೆನ್ನಾಗಿ ಎತ್ತಿ ಹೊಡೆದರೂ ಕ್ಯಾಚು. ಎಟುಕುವುದು ಮೂಲೆಯ ಗೋಡೆ ಮಾತ್ರ. ಹಾಗಾದರೆ ಕಲಿಸಬೇಕಾದದ್ದು ಎರಡೇ: 20ರಿಂದ 30 ಡಿಗ್ರಿ ಏರು, ಮತ್ತು ಬ್ಯಾಟರ್ ತಾನು ನಿಂತ ಬದಿಯ ಮೂಲೆಗೆ ಎಳೆದು ಹೊಡೆಯುವುದು.

ಕೋನ ಅಳೆಯುವ ಯಂತ್ರಕ್ಕೆ ಸಾವಿರಾರು ಡಾಲರ್. ನಾನು ನಾಲ್ಕು ಡಾಲರಿನ ಕಿತ್ತಳೆ ಬಣ್ಣದ ರಿಬ್ಬನ್ ತಂದೆ. ನಮ್ಮ ಕೇಜಿನ ಚಾವಣಿ ಬಲೆ 12 ಅಡಿ ಎತ್ತರ, ಟೀ ಮೇಲಿನ ಚೆಂಡು 3 ಅಡಿ. ನಡುವೆ ಉಳಿದದ್ದು 9 ಅಡಿ. 30 ಡಿಗ್ರಿಯಲ್ಲಿ ಎದ್ದ ಚೆಂಡು 16 ಅಡಿ ದೂರದಲ್ಲಿ ಚಾವಣಿಗೆ ಬಡಿಯುತ್ತದೆ, 20 ಡಿಗ್ರಿಯಲ್ಲಿ ಎದ್ದದ್ದು 25 ಅಡಿಯಲ್ಲಿ. ಆ ಎರಡು ಗುರುತಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿದೆ. ಚೆಂಡು ಅವೆರಡರ ನಡುವೆ ಬಲೆಗೆ ತಾಗಬೇಕು. ಮುಂಚೆ ತಾಗಿದರೆ ಮೈದಾನದಲ್ಲಿ ಅದು ಆಕಾಶಕ್ಕೆ ಹೋಗುವ ಪಾಪ್-ಅಪ್, 25 ದಾಟಿದರೆ ತಗ್ಗಾಗಿ ನೇರ ಹೋಗುವ ಲೈನ್ ಡ್ರೈವ್, ಬಲೆಗೆ ತಾಗದೇ ಹೋದರೆ ಹಳೆಯ ಕಾಯಿಲೆ. ನಿಮ್ಮ ಕೇಜು 14 ಅಡಿ ಇದ್ದರೆ ಗುರುತುಗಳು 19 ಮತ್ತು 30 ಅಡಿಗೆ ಹೋಗುತ್ತವೆ. ಮೊದಲ ವಾರ ಹತ್ತರಲ್ಲಿ ಒಂದು ಚೆಂಡು ಆ ನಡುವೆ ಬಿದ್ದರೆ ಹೆಚ್ಚು. ಮಾರ್ಚ್ ಹೊತ್ತಿಗೆ ಹತ್ತಕ್ಕೆ ನಾಲ್ಕು ಬೀಳುತ್ತಿದ್ದವು.

ಎಳೆದು ಹೊಡೆಯುವುದಕ್ಕೆ ಟೀಯನ್ನು ಮುಂದಿನ ಪಾದದಿಂದ ಇನ್ನೂ ಒಂದು ಗೇಣು ಮುಂದಕ್ಕೆ, ಒಳಬದಿಗೆ ಸರಿಸಿದೆ. ನಮ್ಮ ಕ್ಯಾಚರ್ ಹುಡುಗನಿಗೆ ಮಾತ್ರ ಇದು ಹಿಡಿಯಲೇ ಇಲ್ಲ. ತಂಡದಲ್ಲೇ ಬಲಶಾಲಿ, ಹೊಡೆದದ್ದೆಲ್ಲ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ. ಅವನ ಬ್ಯಾಟಿಗೆ ಪಾದದ ಪೌಡರ್ ಸ್ಪ್ರೇ ಹೊಡೆದು ಟೀ ಮೇಲೆ ಹತ್ತು ಚೆಂಡು ಕೊಟ್ಟೆ. ಬಿಳಿ ಪುಡಿಯ ಮೇಲೆ ಚೆಂಡಿನ ಹೊಲಿಗೆಯ ಗೆರೆಯೂ ಕಾಣುವಂತೆ ಗುರುತು ಬಿದ್ದವು. ಬಹುಪಾಲು ಎಲ್ಲವೂ ಬ್ಯಾಟಿನ ಕೆಳಹೊಟ್ಟೆಯಲ್ಲಿ, ತುದಿಯಿಂದ ಎರಡೇ ಅಂಗುಲಕ್ಕೆ. ಎಂದರೆ ಬ್ಯಾಟು ಚೆಂಡಿನ ಮೇಲ್ಭಾಗ ಸವರುತ್ತಿದೆ, ತೂಕ ಇರುವ ಜಾಗ ಚೆಂಡಿಗೆ ಮುಟ್ಟುತ್ತಲೇ ಇಲ್ಲ. ಅವನನ್ನು ಪ್ಲೇಟಿನ ಹತ್ತಿರಕ್ಕೆ ನಾಲ್ಕು ಅಂಗುಲ ಸರಿಸಿದೆ, ಟೀಯನ್ನು ಎದೆಯ ಎತ್ತರಕ್ಕೆ ಏರಿಸಿ ಅಲ್ಲಿಂದಲೂ ದೂರದ ರಿಬ್ಬನ್ ದಾಟದಂತೆ ಮೇಲೆ ಹೊಡೆ ಎಂದೆ. ಗುರುತುಗಳು ಮೂರು ವಾರದಲ್ಲಿ ಮೇಲಕ್ಕೆ, ತುದಿಯಿಂದ ಆರು ಅಂಗುಲದ ಜಾಗಕ್ಕೆ ಬಂದವು. ಈ ಬೇಸಿಗೆ ಅವನೊಬ್ಬನೇ ಒಂಬತ್ತೋ ಹತ್ತೋ ಹೊಡೆದ.

ಮುಖ್ಯ ಕೋಚ್ ಹಳೆಯ ಕಾಲದವರು. "ಗಾಳಿಗೆ ಎತ್ತಿದ ಚೆಂಡು ಕ್ಯಾಚು, ನೆಲಕ್ಕೆ ಹೊಡೆದರೆ ಎದುರಾಳಿ ತಪ್ಪಿದರೂ ತಪ್ಪಬಹುದು" ಎನ್ನುವುದು ಅವರ ಮಾತು. ಹತ್ತು ವರ್ಷದ ಮಕ್ಕಳಿಗೆ ಅದು ಸರಿ. ಹದಿನಾರರ ಶಾರ್ಟ್‌ಸ್ಟಾಪ್ ತಪ್ಪುವುದಿಲ್ಲ. ಏಪ್ರಿಲ್‌ನ ಮೊದಲ ಪಂದ್ಯಗಳಲ್ಲಿ ನಮ್ಮವರು ಸಾಲಾಗಿ ಕ್ಯಾಚು ಕೊಟ್ಟಾಗ ಪೋಷಕರೂ ಅವರ ಪಕ್ಷಕ್ಕೆ ಹೋದರು. ನಾನು ಮೇ ಕೊನೆಯವರೆಗೆ ಸಮಯ ಕೇಳಿ ಪಟ್ಟು ಹಿಡಿದೆ. ಬಿಸಿಲು ಏರಿ ಗಾಳಿ ಇನ್ನಷ್ಟು ತೆಳುವಾದ ಮೇಲೆ ಗೋಡೆಯ ಬುಡದಲ್ಲಿ ಬೀಳುತ್ತಿದ್ದವು ಆಚೆ ಬೀಳತೊಡಗಿದವು. ಋತು ಮುಗಿದಾಗ ಮೂವತ್ತರ ಹತ್ತಿರ ಹೋಮ್ ರನ್, ಲೀಗಿನಲ್ಲಿ ನಮಗಿಂತ ಮುಂದೆ ಯಾರೂ ಇರಲಿಲ್ಲ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ಹೆಚ್ಚಾದವು, ಪಂದ್ಯಕ್ಕೆ ಒಂದೋ ಒಂದೂವರೆಯೋ. ಆ ಬೆಲೆಯನ್ನು ನಾನು ಸಂತೋಷದಿಂದ ಕೊಡುತ್ತೇನೆ. ಎರಡು ಸ್ಟ್ರೈಕ್ ಆದ ಮೇಲೆ ಹುಡುಗರು ಏನು ಬದಲಿಸಬೇಕೆಂದು ಹೇಳಿಕೊಟ್ಟಿದ್ದೇನೆಯೋ ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಮೂವರ ತಂಡಗಳು ನಮ್ಮ ಲೀಗಿನಲ್ಲೇ ಇವೆ.

ತಂಡದಲ್ಲಿ ಹಾಸನ ಕಡೆಯವರ ಮಗನೊಬ್ಬನಿದ್ದಾನೆ. "ಅಂಕಲ್, ಇದು ಅಪ್ಪ ಕ್ರಿಕೆಟ್‌ನಲ್ಲಿ ಮಿಡ್‌ವಿಕೆಟ್ ಮೇಲೆ ಎತ್ತುವ ಹಾಗೇ ಇದೆಯಲ್ಲ" ಎಂದ. ಅವನ ತಂದೆಯನ್ನು ಒಂದು ಭಾನುವಾರ ಕೇಜಿಗೆ ಕರೆದೆ. "ಸರ್, ನಾನು ಟೆನಿಸ್ ಬಾಲ್ ಆಡಿದವನು" ಎನ್ನುತ್ತಲೇ ಅವರು ಹಿಡಿದ ಬ್ಯಾಟಿನಿಂದ ಚೆಂಡು ಎರಡು ರಿಬ್ಬನ್‌ಗಳ ನಡುವೆ ಹೋಗಿ ಹೋಗಿ ಬಡಿಯಿತು. ಚಿನ್ನಸ್ವಾಮಿಯಲ್ಲಿ 2013ರಲ್ಲಿ ಗೇಲ್ 66 ಚೆಂಡಿಗೆ 175 ಬಾರಿಸಿದಾಗ 17 ಸಿಕ್ಸರ್ ಹೊಡೆದದ್ದು ನೆನಪಿದೆಯಲ್ಲ. ಆ ಮೈದಾನ ಚಿಕ್ಕದು, ಬೆಂಗಳೂರೂ ಸುಮಾರು 900 ಮೀಟರ್ ಎತ್ತರದಲ್ಲಿದೆ, ಆದರೆ ಅದೇ ಪಂದ್ಯದಲ್ಲಿ ಎದುರಾಳಿಗಳಿಗೂ ಅದೇ ಮೈದಾನವೇ ಇತ್ತು.

ಇನ್ನೊಂದು ಪ್ರಯೋಗ ಕುತೂಹಲಕ್ಕೆ ಮಾಡಿದ್ದು. ನಮ್ಮ ಗ್ಯಾರೇಜಿನ ಒಣ ಗಾಳಿಯಲ್ಲಿ ಚೆಂಡು ಒಣಗಿ ಗಟ್ಟಿಯಾಗುತ್ತದೆ. ಕೂರ್ಸ್‌ನವರು ಶೇಕಡಾ 50 ತೇವದಲ್ಲಿ ಇಡುತ್ತಾರಂತಲ್ಲ ಎಂದು ಥರ್ಮಕೋಲ್ ಪೆಟ್ಟಿಗೆಯೊಂದಕ್ಕೆ ಗಿಟಾರ್ ಅಂಗಡಿಯಲ್ಲಿ ಸಿಗುವ ತೇವ ಕಾಯುವ ಪೊಟ್ಟಣ ಹಾಕಿ ಒಂದೆರಡು ತಿಂಗಳು ಚೆಂಡು ಇಟ್ಟೆ. ಒಣ ಚೆಂಡಿಗಿಂತ ಅವು ಹತ್ತು ಹದಿನೈದು ಅಡಿ ಕಡಿಮೆ ಹೋದವು. ಅಭ್ಯಾಸಕ್ಕೆ ಈಗ ಆ ಚೆಂಡುಗಳೇ. ಅವುಗಳಲ್ಲಿ ಗೋಡೆ ದಾಟಿಸಿದವನಿಗೆ ಪಂದ್ಯದ ಚೆಂಡು ಸಲೀಸು.

ಕೇಜಿನ ಬಾಡಿಗೆ ಗಂಟೆಗೆ 45 ಡಾಲರ್, ಪೌಡರ್, ಚೆಂಡು, ಪೆಟ್ಟಿಗೆ ಎಲ್ಲ ಸೇರಿ ಎರಡು ವರ್ಷಕ್ಕೆ ನನ್ನ ಕೈಯಿಂದ ಎರಡು ಸಾವಿರದಷ್ಟು ಹೋಗಿದೆ.

ಬಗೆಹರಿಯಬೇಕಾದದ್ದು ಒಂದಿದೆ. ಜುಲೈನಲ್ಲಿ ಫೀನಿಕ್ಸ್‌ಗೆ ಟೂರ್ನಿಗೆ ಹೋದೆವು. ಅಲ್ಲಿನ ಎತ್ತರ ಸಾವಿರದ ನೂರು ಅಡಿಯಷ್ಟೆ. ದಪ್ಪ ಗಾಳಿಯಲ್ಲಿ ಕರ್ವ್‌ಬಾಲ್ (ತಿರುಗುತ್ತಾ ಕೆಳಕ್ಕೆ ಬಾಗುವ ಎಸೆತ) ನಮ್ಮ ಊರಿಗಿಂತ ಚೆನ್ನಾಗಿ ಕುಸಿಯುತ್ತದೆ, ನಮ್ಮವರ ಬ್ಯಾಟು ಅದರ ಮೇಲಿಂದಲೇ ಹಾದುಹೋಯಿತು. ಒಂದೆರಡು ಹೋಮ್ ರನ್ ಬಂದವು, ಉಳಿದವು ಗೋಡೆಯ ಮುಂದೆ ಕ್ಯಾಚು. ಇನ್ನು ಜನವರಿಯಿಂದ ಪಿಚಿಂಗ್ ಯಂತ್ರದ ಎರಡು ಚಕ್ರಗಳ ವೇಗದ ಅಂತರ ಹೆಚ್ಚಿಸಿ, ಫೀನಿಕ್ಸ್‌ನಷ್ಟೇ ಕುಸಿಯುವ ಚೆಂಡು ಇಲ್ಲಿಯೇ ಬರುವಂತೆ ಮಾಡುತ್ತಿದ್ದೇನೆ. ಎಷ್ಟು ಅಂತರ ಎಂಬುದನ್ನು ಬರೆಯುವುದಿಲ್ಲ. ಮಂಗಳವಾರ, ಗುರುವಾರ ಸಂಜೆ ಕೇಜಿನಲ್ಲೇ ಇರುತ್ತೇನೆ, ಬಂದವರು ಕಣ್ಣಾರೆ ನೋಡಬಹುದು.