ಅಲಾಯ್ ವ್ಹೀಲ್‌ನ ಹಳೆ ಬಣ್ಣ: ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು

ಹುಬ್ಬಳ್ಳಿ ಗೋಕುಲ ರೋಡ್ ಕಡೆ ನನ್ನದೊಂದು ಡೆಂಟಿಂಗ್-ಪೇಂಟಿಂಗ್ ಶೆಡ್ ಇದೆ. ಅಲಾಯ್ ವ್ಹೀಲ್ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ) ತಂದವರೆಲ್ಲ ಕೇಳುವುದು ಹೊಸ ಬಣ್ಣದ ಬಗ್ಗೆಯೇ. ಗನ್‌ಮೆಟಲ್ ಚಲೋ ಕಾಣತೈತೋ, ಕಪ್ಪು ಚಲೋ ಕಾಣತೈತೋ? ಹಳೆ ಬಣ್ಣ ಹೆಂಗ ತೆಗೀತೀರಿ ಅಂತ ಕೇಳುವವರು ಕಡಿಮೆ. ಆದರೆ ಹೊಸ ಬಣ್ಣ ನಾಲ್ಕಾರು ವರ್ಷ ತಾಳುತ್ತದೋ, ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೋ ಎನ್ನುವುದು ಹಳೆಯದನ್ನು ತೆಗೆಯುವಾಗಲೇ ನಿರ್ಧಾರವಾಗಿರುತ್ತದೆ.

ಇತ್ತೀಚೆಗೆ ನನ್ನ ಸ್ವಂತ ಕಾರಿನ ನಾಲ್ಕೂ ವ್ಹೀಲ್ ಮಾಡಿಕೊಂಡೆ. ಮೊದಲು ಕಾರವಾರದಲ್ಲಿ ಓಡಿದ ಕಾರು ಅದು. ಕಲ್ಲು ಬಡಿದು ಲ್ಯಾಕರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸೀಳಿದ ಜಾಗದಿಂದ ಕಡಲ ಗಾಳಿಯ ಉಪ್ಪು, ನೀರು ಒಳಗಿಳಿದು, ಹುಳ ಹರಿದಂಥ ಬಿಳಿ ಗೆರೆಗಳು ಲ್ಯಾಕರ್ ಕೆಳಗೆ ಹಬ್ಬಿದ್ದವು. ಮೇಲೆ ಕಂಡಷ್ಟೇ ಹಾಳಾಗಿದೆ ಅಂದುಕೊಳ್ಳಬಾರದು. ಒಳಗೆ ಅದು ಇನ್ನೂ ದೂರ ಹೋಗಿರುತ್ತದೆ.

ಶೆಡ್ಡಿನ ಹುಡುಗ ಹೇಳಿದ: "ಅಣ್ಣಾರ, ಕಾಸ್ಟಿಕ್ ನೀರಾಗ ಅದ್ದಿ ಬಿಡೂಣ್ರಿ, ತಾಸಿನ್ಯಾಗ ಸ್ವಚ್ಛ ಆಗತಾವು." "ಕಬ್ಬಿಣದ ಗೇಟಿಗೆ ನಡೀತೈತಿ ತಮ್ಮಾ, ಇದಕ್ಕ ನಡ್ಯಾಂಗಿಲ್ಲ" ಅಂದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಬುರುಬುರು ಅಂತ ಏಳುವ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹತ್ತಿಕೊಳ್ಳುವ ಗಾಳಿ. ಬಣ್ಣ ಸುಡಲು ಗ್ಯಾಸ್ ಟಾರ್ಚ್ ಹಿಡಿಯುವುದು ಇನ್ನೂ ಅಪಾಯ. ಕಾರ್ಖಾನೆಯಲ್ಲಿ ಈ ವ್ಹೀಲನ್ನು 500 ಡಿಗ್ರಿಗೂ ಮೇಲೆ ಕಾಯಿಸಿ, ತಣಿಸಿ, ಮತ್ತೆ ಹದವಾದ ಶಾಖದಲ್ಲಿಟ್ಟು ಗಟ್ಟಿ ಮಾಡಿರುತ್ತಾರೆ. ಟಾರ್ಚಿನ ಬೆಂಕಿಗೆ ಆ ಹದ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಹೈವೇ ಮೇಲೆ ನೂರರ ವೇಗದಲ್ಲಿ ಹೋಗುವಾಗ ನಾಲ್ಕು ಜನರ ಜೀವ ಅದರ ಮೇಲೆ ಕೂತಿರುತ್ತದೆ.

ನಾನು ಆರಿಸಿಕೊಂಡದ್ದು ಪೇಂಟ್ ರಿಮೂವರ್ ಮತ್ತು ಕೈಕೆಲಸ. ಟೈರ್, ವಾಲ್ವ್, ಬ್ಯಾಲೆನ್ಸಿಂಗ್ ವೇಟ್ ಎಲ್ಲ ತೆಗೆಸಿ, ಬ್ರೇಕಿನ ಕರಿ ಪುಡಿ ಹೋಗುವ ತನಕ ಸೋಪಿನ ನೀರಲ್ಲಿ ತೊಳೆದೆ. ನಾನು ತಂದ ರಿಮೂವರ್‌ನಲ್ಲಿ ಇದ್ದದ್ದು ಮಿಥಿಲೀನ್ ಕ್ಲೋರೈಡ್. ಅದು ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹಚ್ಚಿದರೆ ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ. ಅದಕ್ಕೆ ಬೆಳಗಿನ ತಂಪಿನಲ್ಲಿ, ನೆರಳಲ್ಲಿ, ಬ್ರಷ್‌ನಿಂದ ದಪ್ಪಗೆ ಒಂದೇ ದಿಕ್ಕಿಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಹಚ್ಚಿದ ಮೇಲೆ ಮತ್ತೆ ಮತ್ತೆ ಬ್ರಷ್ ಆಡಿಸಬಾರದು. ಸ್ವಲ್ಪ ಹೊತ್ತಿಗೆ ಲ್ಯಾಕರ್ ಸುಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಆಗ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದರೆ ಹಾಳೆ ಹಾಳೆಯಾಗಿ ಬರುತ್ತದೆ. ಮೂಲೆ-ಸಂದಿಗೆ ನೈಲಾನ್ ಬ್ರಷ್. ಕಬ್ಬಿಣದ ತಂತಿ ಬ್ರಷ್ ಬೇಡವೇ ಬೇಡ, ಅದರ ಕಣ ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡು ಮುಂದೆ ಅಲ್ಲಿಂದಲೇ ಕೊರೆತ ಶುರುವಾಗುತ್ತದೆ.

ಈ ರಿಮೂವರ್‌ನ ಆವಿಯ ಬಗ್ಗೆ ಒತ್ತಿ ಹೇಳಬೇಕು. ಉಸಿರಲ್ಲಿ ಹೋದ ಮಿಥಿಲೀನ್ ಕ್ಲೋರೈಡ್ ಮೈಯೊಳಗೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಮನೆಬಳಕೆಯ ಪೇಂಟ್ ರಿಮೂವರ್‌ನಲ್ಲಿ ಇದನ್ನು ನಿಷೇಧಿಸಿದರು. ಧೂಳಿನ ಮಾಸ್ಕಿನಿಂದ ಏನೂ ತಡೆಯಾಗದು, ತೆಳು ನೈಟ್ರೈಲ್ ಗ್ಲೌಸ್ ಮೂಲಕ ನಿಮಿಷಗಳಲ್ಲೇ ಚರ್ಮಕ್ಕೆ ಇಳಿಯುತ್ತದೆ. ಬಯಲಲ್ಲೇ ಮಾಡಿ, ಲ್ಯಾಮಿನೇಟ್ ಗ್ಲೌಸ್ (ಹಲವು ಪದರದ ಪ್ಲಾಸ್ಟಿಕ್ ಹಾಳೆಯದು) ತರಿಸಿಕೊಳ್ಳಿ, ಕನ್ನಡಕ ಹಾಕಿ. ಎದೆಯ ತೊಂದರೆ ಇದ್ದವರು ಹತ್ತಿರ ಬರುವುದೇ ಬೇಡ. ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರ್ ಸಿಕ್ಕರೆ ಅದೇ ಮೇಲು, ನಿಧಾನ ಅಷ್ಟೇ.

ಲ್ಯಾಕರ್, ಬಣ್ಣ ಎರಡೂ ಹೋದ ಮೇಲೆ ಕೆಳಗೆ ಬೂದು ಬಣ್ಣದ ಪದರ ಸಿಕ್ಕಿತು. ಅದು ಕಾರ್ಖಾನೆಯ ಪೌಡರ್ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಪುಡಿಯ ರೂಪದಲ್ಲಿ ಹೊಡೆದು ಬೇಯಿಸಿದ ತಳಪದರ. ಬಹಳ ಜನ ಇದನ್ನೂ ಕಿತ್ತು ವ್ಹೀಲನ್ನು ಬೆಳ್ಳಗೆ ಮಾಡಿಯೇ ತೀರಬೇಕು ಅಂತ ಹಟ ಹಿಡಿಯುತ್ತಾರೆ. ನನ್ನ ಪ್ರಕಾರ ಗಟ್ಟಿಯಾಗಿ ಕೂತಿದ್ದರೆ ಬಿಡಬೇಕು. ಒಲೆಯಲ್ಲಿ ಬೆಂದು ಹಿಡಿದ ಆ ಪದರಕ್ಕೆ ನಮ್ಮ ಡಬ್ಬಿಯ ಪ್ರೈಮರ್ ಸಾಟಿಯಲ್ಲ. ಗಟ್ಟಿ ಇದೆಯೋ ಇಲ್ಲವೋ ನೋಡಲು, ವ್ಹೀಲ್ ತೊಳೆದು ಒಂದು ರಾತ್ರಿ ಆರಲು ಬಿಟ್ಟೆ. ಮರುದಿನ ಬ್ಲೇಡಿನಿಂದ ಎರಡೆರಡು ಮಿ.ಮೀ. ಅಂತರದಲ್ಲಿ ಅಡ್ಡ-ಉದ್ದ ಗೆರೆ ಕೊಯ್ದು, ಟೇಪ್ ಒತ್ತಿ ಅಂಟಿಸಿ, ಜಗ್ಗಿ ಕಿತ್ತೆ. ಚೌಕಗಳು ಟೇಪಿಗೆ ಬಂದ ಕಡೆ ಪೂರ್ತಿ ತೆಗೆದೆ. ಬಾರದ ಕಡೆ ಬರೀ ಉಜ್ಜಿ ಬಿಟ್ಟೆ. ಬಿಳಿ ಗೆರೆ ಇದ್ದ ಜಾಗವನ್ನು ಮಾತ್ರ 80ರ ಸ್ಯಾಂಡ್‌ಪೇಪರಿನಿಂದ ಹೊಳೆಯುವ ಲೋಹ ಬರುವ ತನಕ ತಿಕ್ಕಿದೆ. ಕುಳಿಯಲ್ಲಿ ಚೂರು ಬಿಳಿ ಪುಡಿ ಉಳಿದರೂ ಅದು ಮತ್ತೆ ಹಬ್ಬುತ್ತದೆ. ಆಮೇಲೆ 180, 320ರ ಪೇಪರ್. ಪ್ರೈಮರ್ ಮುಗಿದು ಲೋಹ ಶುರುವಾಗುವ ಅಂಚಿನ ಮೇಲೆ ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು.

ರಿಮೂವರ್ ಬೇಗ ಆರದಿರಲಿ ಅಂತ ಅದರಲ್ಲಿ ಮೇಣ ಹಾಕಿರುತ್ತಾರೆ. ನೀರಿನಿಂದ ಮಾತ್ರ ತೊಳೆದರೆ ಮೇಣ ಉಳಿದು, ಹೊಸ ಬಣ್ಣ ಅಲ್ಲಲ್ಲಿ ಸರಿದು ಕಣ್ಣು ಕಣ್ಣು ಬೀಳುತ್ತದೆ. ಅದಕ್ಕೆ ಉಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಥಿನ್ನರ್ ಅದ್ದಿದ ಬನಿಯನ್ ವೇಸ್ಟಿನಿಂದ ಒರೆಸಿದೆ, ಪ್ರತಿ ಸಲ ಹೊಸ ಬಟ್ಟೆ. ಬರಿ ಲೋಹವನ್ನು ಕೈಯಿಂದ ಮುಟ್ಟದೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆದೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರೈಮರ್ ಹೊಡೆಯುವ ಮೊದಲು ನಟ್ ಕೂರುವ ಕುಳಿಗಳಿಗೂ ಹಬ್‌ಗೆ (ಕಾರಿನಲ್ಲಿ ವ್ಹೀಲ್ ಕೂರುವ ಭಾಗ) ತಾಗುವ ಹಿಂಬದಿಗೂ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆ. ಅಲ್ಲಿ ದಪ್ಪ ಬಣ್ಣ ಕೂತರೆ ಓಡುತ್ತ ಓಡುತ್ತ ಅದು ಅಮುಕಿ ನಟ್ ಸಡಿಲಾಗುತ್ತದೆ. ವ್ಹೀಲ್ ಕೂಡಿಸಿ 50-100 ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಹಿಡಿದು ನಟ್‌ಗಳನ್ನು ಮತ್ತೊಮ್ಮೆ ನೋಡಿಕೊಂಡೆ.