ನಮ್ಮ ಹಳ್ಳದ ನೀರು ಎಲ್ಲಿಂದ ಬರುತ್ತದೆ: ನಾನು ಹುಡುಕಿದ ಬಗೆ

ಸಕಲೇಶಪುರದಿಂದ ಬಿಸಿಲೆಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿ ಹತ್ತಿರ, ಮಳೆನೀರು ಎರಡು ಪಾಲಾಗುತ್ತದೆ. ಮೂಡಲಿಗೆ ಹರಿದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಪಡುವಲಿಗೆ ಇಳಿದದ್ದು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಲ್ಲಿ ಅರಬ್ಬಿ ಸಮುದ್ರಕ್ಕೆ. ನಮ್ಮ ತೋಟದ ಕೆಳಗಿನ ಹಳ್ಳ ಪಡುವಲಿನದು. ಅದರ ನೀರು ಯಾವ ಯಾವ ನೆಲದಿಂದ ಬರುತ್ತದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹರಡಿಕೊಂಡು ಕೂತೆ. ಅದರಲ್ಲಿ 20 ಮೀಟರ್ ಎತ್ತರಕ್ಕೆ ಒಂದೊಂದು ಗೆರೆ, ಒಂದೇ ಎತ್ತರದ ಜಾಗಗಳನ್ನು ಸೇರಿಸುವಂಥದ್ದು. ಗೆರೆ ಗುಡ್ಡದ ಮೇಲ್ಗಡೆಗೆ ಚೂಪಾದರೆ ಅದು ಹಳ್ಳ, ಕೆಳಗಡೆಗೆ ಚೂಪಾದರೆ ಏಣು, ಅಂದರೆ ನೀರು ಎರಡೂ ಕಡೆಗೆ ಇಳಿಯುವ ಗುಡ್ಡದ ಬೆನ್ನು. ಹಳ್ಳದ ಮೇಲಿರುವ ನಮ್ಮ ಮೋರಿಯಿಂದ ಶುರು ಮಾಡಿ ಏಣಿನ ಮೇಲೇ ಕೆಂಪು ಪೆನ್ಸಿಲ್ ಎಳೆಯುತ್ತಾ ಸುತ್ತಿ ಮತ್ತೆ ಮೋರಿಗೆ ಬಂದೆ. ಈ ಗೆರೆಯೊಳಗೆ ಬಿದ್ದ ಮಳೆ ನಮ್ಮ ಹಳ್ಳದ್ದು. ಮೋರಿ ಬಿಟ್ಟು ಬೇರೆಲ್ಲೂ ಕೆಂಪು ಗೆರೆ ಹಳ್ಳ ದಾಟಬಾರದು. ದಾಟಿದರೆ ತಪ್ಪಿದೆ ಅಂತಲೇ.

ತಲೆನೋವಾಗಿದ್ದು ಮೇಲಿನ ಹಡ್ಲು, ಅಂದರೆ ನೀರು ನಿಲ್ಲುವ ಜೌಗು ಹುಲ್ಲುನೆಲ. ಸಮತಟ್ಟು ಜಾಗ, ನಕ್ಷೆಯಲ್ಲಿ ಒಂದು ಗೆರೆಯೂ ಹಾಯುವುದಿಲ್ಲ. ಸುಮ್ನೆ ರಸ್ತೆಯನ್ನೇ ಎಲ್ಲೆ ಅಂತ ಬರೆದುಬಿಟ್ಟಿದ್ದೆ. ಚಿಕ್ಕಪ್ಪ ನೋಡಿ, "ಮಳೇಲಿ ಹೋಗಿ ನೋಡು ಮಗಾ, ನೀರೇ ಹೇಳುತ್ತೆ" ಅಂದರು.

ಜುಲೈನಲ್ಲಿ ಇಬ್ಬರೂ ಹೋದೆವು. ಕಾಲಿಗೆಲ್ಲ ಇಂಬಳ (ಜಿಗಣೆ). ಚಿಕ್ಕಪ್ಪ ಒಂದು ಹಿಡಿ ಭತ್ತದ ಜೊಳ್ಳು ರಸ್ತೆಯಾಚೆ ನಿಂತ ನೀರಿಗೆ ಎರಚಿದರು. ಜೊಳ್ಳು ಸ್ವಲ್ಪ ಹೊತ್ತು ಅಲ್ಲೇ ತಿರುಗಿತು. ಆಮೇಲೆ ಹುಲ್ಲಿನ ಬುಡ ಸವರಿಕೊಂಡು ನಿಧಾನಕ್ಕೆ ರಸ್ತೆಯ ಮೋರಿಯೊಳಗೆ ನುಗ್ಗಿ ನಮ್ಮ ಕಡೆಗೆ ಬಂತು! ಇಪ್ಪತ್ತು ಹೆಜ್ಜೆ ಆಚೆ ಎರಚಿದ್ದು ಮೂಡಲಿಗೆ ಹೋಯಿತು. ರಸ್ತೆಯಾಚೆಯ ಅರ್ಧ ಹಡ್ಲು ನಮ್ಮ ಹಳ್ಳದ್ದೇ. ಮೈ ಜುಮ್ಮೆಂದಿತು.

ಗೆರೆ ತಿದ್ದಿ, ಚೌಕುಳಿ ಹಾಳೆ ಇಟ್ಟು ಎಣಿಸಿದೆ. ಈ ನಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರ್ ಅಂದರೆ 25 ಹೆಕ್ಟೇರ್. ನಮ್ಮ ಹಳ್ಳದ್ದು ಸುಮಾರು 70 ಹೆಕ್ಟೇರ್ ಬಂತು. ಒಂದು ಹೆಕ್ಟೇರಿಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಅಷ್ಟೂ ಒಂದೇ ಸಲ ಹಳ್ಳಕ್ಕೆ ಬರಲ್ಲ, ಒಂದಷ್ಟು ಪಾಲು ಮಣ್ಣಿಗೆ ಇಳಿಯುತ್ತದೆ. ಹಡ್ಲು ಅದನ್ನು ಹಿಡಿದಿಟ್ಟುಕೊಂಡು ಬೇಸಿಗೆವರೆಗೂ ಒಸರುತ್ತದೆ. ಶಿವರಾತ್ರಿ ಕಳೆದರೂ ನಮ್ಮ ಹಳ್ಳದಲ್ಲಿ ನೀರಿರುವುದು ಅದರಿಂದಲೇ ಅಲ್ವಾ? ಆ ಹಡ್ಲಿಗೆ ಮಣ್ಣು ತುಂಬಿ ಶುಂಠಿ ಹಾಕುವ ಮಾತು ನಡೆದಿದೆ. ತಿದ್ದಿದ ನಕ್ಷೆ ಹಿಡಿದು ಅದರ ಯಜಮಾನರ ಮನೆಗೆ ಭಾನುವಾರ ಹೋಗುತ್ತಿದ್ದೇನೆ. ಚಿಕ್ಕಪ್ಪನೂ ಬರುತ್ತೇನೆ ಅಂದಿದ್ದಾರೆ.